ರೂವಿಯ ನಡಾವಳಿ ಪುಸ್ತಕ

ರೂವಿಯಲ್ಲಿ, ದರ್ಜಿಯಂಗಡಿಯ ಮೇಲಿನ ಕೋಣೆಯಲ್ಲಿ
ಗುರುವಾರ ರಾತ್ರಿ ಎಂಟೂವರೆಗೆ ನಮ್ಮ ಕೂಟ.
ಒಂದು ಕಾಲಕ್ಕೆ ಮೂವತ್ತೆಂಟು ಕುರ್ಚಿ ಕೊಂಡಿದ್ದೆವು,
ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಿದ್ದರು.
ಈಗ ಆರು ಬಿಡಿಸುತ್ತೇನೆ. ಎರಡು ಮಿಗುತ್ತವೆ.
ಬರುವ ನಾಲ್ವರಲ್ಲಿ ಒಬ್ಬರು ಸಮೋಸಕ್ಕೆ;
ಅದನ್ನು ಅವರೇ ಹೇಳುತ್ತಾರೆ, ಪಾಪ, ಮುಚ್ಚುಮರೆಯಿಲ್ಲ.

ಜನ ಯಾಕೆ ಬರುವುದಿಲ್ಲ ಎಂಬುದರ ಮೇಲೆಯೇ
ಮೂರು ಗುರುವಾರ ಚರ್ಚೆ ನಡೆಸಿದೆವು.
ಪಾರ್ಕಿಂಗ್, ಎಂದರೊಬ್ಬರು. ಫೋನು, ಎಂದರಿನ್ನೊಬ್ಬರು.
ಬಹುಮಾನ ಇಡೋಣ, ಒಳ್ಳೆಯ ಮಾತಿಗೊಂದು ಫ್ಲಾಸ್ಕು.
ಇಟ್ಟೆವು. ಗೆದ್ದವನು ನಾನೇ, ಎರಡು ಸಲ.

ರಂಜಾನಿನ ಬಿಡುವಿನಲ್ಲಿ, ಬಾಡಿಗೆಯ ಲೆಕ್ಕ ಹುಡುಕುತ್ತ
ನಡಾವಳಿ ಪುಸ್ತಕ ಬಿಚ್ಚಿದೆ.
ಒಂಬತ್ತು ವರ್ಷದ ಬರಹ, ಕೈ ನನ್ನದೇ.
ಕಾರ್ಯದರ್ಶಿಗಳು ವಿವರಿಸಿದರು.
ಕಾರ್ಯದರ್ಶಿಗಳು ಸ್ಪಷ್ಟಪಡಿಸಿದರು.
ಕಾರ್ಯದರ್ಶಿಗಳು, ಸಮಯದ ಅಭಾವವಿದ್ದರೂ, ಸುದೀರ್ಘವಾಗಿ.
ಕಾರ್ಯದರ್ಶಿ ನಾನು.
ಹಗಲೆಲ್ಲ ಪರರ ರಿಯಾಲು ಎಣಿಸುವ ನನಗೆ
ನನ್ನ ಮಾತಿನ ಜಮಾಖರ್ಚು ಯಾರೂ ತೋರಿಸಿರಲಿಲ್ಲ.

ನಡುನಡುವೆ, ಹಾಳೆಯ ಅಂಚಿಗೆ ಒತ್ತಿ ಬರೆದ ಸಣ್ಣ ಸಾಲುಗಳು:
ಫ್ಲಾವಿಯಾ ಮಸ್ಕರೇನಸ್, ಡಯಾಲಿಸಿಸ್ ಕೊಠಡಿಯ ಕುರಿತು
ಮಾತು ಆರಂಭಿಸಿದರು. ಚಹಾ ಬಂತು.
ಮೌನೇಶ ಬಡಿಗೇರ ಕೈಯೆತ್ತಿದ್ದರು. ಮುಂದಿನ ವಾರ.
ಉಮರಬ್ಬ: ಫಲಜ್ ಎಂಬ ನೀರಿನ ಸುರಂಗದ ಒಳಗೆ...
ಸಮಯ ಮುಗಿಯಿತು.

ಮುಂದಿನ ವಾರದ ಪುಟದಲ್ಲಿ ಮೌನೇಶ ಇಲ್ಲ.
ಅದರ ಮುಂದಿನದರಲ್ಲೂ ಇಲ್ಲ.
ಒಳ್ಳೆಯ ಮಾತಿನವರು ಬಾಗಿಲು ಬಡಿದು ಹೋಗುವುದಿಲ್ಲ;
ಚಪ್ಪಲಿ ಹುಡುಕಿಕೊಂಡು, ಮೆಲ್ಲಗೆ,
ನಿಮಗೆ ಕೈಮುಗಿದೇ ಹೋಗುತ್ತಾರೆ.

ಶುಕ್ರವಾರ ಕಾರು ತೆಗೆದು ನಿಜ್ವಾದಾಚೆ ಹೋದೆ.
ಖರ್ಜೂರದ ತೋಟದಂಚಿಗೆ ಒಂದು ತಗಡಿನ ಕೋಣೆ,
ತಂತಿಯ ಮೇಲೆ ಮಣ್ಣುಬಣ್ಣಕ್ಕೆ ತಿರುಗಿದ ಅಂಗಿ.
ಉಮರಬ್ಬ ಮೀನು ತೊಳೆಯುತ್ತಿದ್ದರು.
ಕೂಟ ಸಾಯುತ್ತಿದೆ ಎನ್ನಲೇ? ಕನ್ನಡ ಎನ್ನಲೇ?
ನಾಲಗೆಯ ತುದಿಗೆ ಬಂದಿದ್ದ ಭಾಷಣ ನುಂಗಿ ಕೇಳಿದೆ:
"ಅವತ್ತು, ಸುರಂಗದ ಒಳಗೆ ಅಂದಿರಲ್ಲ. ಒಳಗೆ ಏನು?"

ಮೂರು ವರ್ಷ ಹಳೆಯ ವಾಕ್ಯ. ಅವರು ಕೈ ಒರೆಸಿಕೊಂಡರು.
ಮರೆತಿರಲಿಲ್ಲ.
"ಒಳಗೊಬ್ಬ ತೆವಳಿಕೊಂಡು ಹೂಳು ಬುಟ್ಟಿಗೆ ತುಂಬ್ತಾನೆ.
ಮೇಲೆ, ಬಾವಿಬಾಯಲ್ಲಿ ಹಗ್ಗ ಹಿಡಿದವ ಇದ್ದಾನಲ್ಲ,
ಅವ ಮಾತಾಡ್ಬಾರದು ಮಾರಾಯ್ರೆ.
ಹಾಡೂ ಬೇಡ, ಬೀಡಿಯೂ ಬೇಡ.
ಕೆಳಗಿನವ ಕೂಗಿದ್ದು ಕೇಳ್ಬೇಕು.
ಕೇಳದಿದ್ರೆ ಬುಟ್ಟಿಯೂ ಅಲ್ಲೇ, ಆಳೂ ಅಲ್ಲೇ."
ಮತ್ತೆ ಮೀನಿಗೆ ಕೈಹಾಕಿದರು. "ಊಟ ಮಾಡಿಯೇ ಹೋಗಿ."

ಆಮೇಲೆ ಯಾರಿಗೂ ದಯವಿಟ್ಟು ಬನ್ನಿ ಎನ್ನಲಿಲ್ಲ.
ಫ್ಲಾವಿಯಾರನ್ನು ಕೇಳಿದೆ: ನಾಲ್ಕು ಗಂಟೆ
ಯಂತ್ರದ ಪಕ್ಕ ಮಲಗಿದವರು ಏನು ಮಾತಾಡುತ್ತಾರೆ?
ಮೌನೇಶನನ್ನು: ಇಲ್ಲಿನ ಹಳೇ ಬಾಗಿಲಿನೊಳಗೆ
ಇನ್ನೊಂದು ಚಿಕ್ಕ ಬಾಗಿಲು ಯಾಕೆ?
ಕೇಳಿ, ಕಾದೆ. ಕಾಯುವುದು ನನಗೆ ಹೊಸ ಕಸುಬು.
ಹನ್ನೊಂದು ದಿನ ಸುಮ್ಮನಿದ್ದ ಮೌನೇಶ
ಹನ್ನೆರಡನೆಯ ದಿನ ಒಂದು ಕದದ ಚಿತ್ರ ಕಳಿಸಿದ,
ಅಳತೆಯ ಸಮೇತ.

ಹೋದ ಗುರುವಾರ ಒಂಬತ್ತು ಕುರ್ಚಿ.
ಎಲ್ಲ ಬಲ್ಲ ಅಡ್ಯಂತಾಯರು ಮುನಿಸಿಕೊಂಡು ಬರಲಿಲ್ಲ;
ಅದಕ್ಕೂ ಬೇಜಾರಾಯಿತು, ಸುಳ್ಳೇಕೆ.
ಕಂಪನಿಯ ಪಿಕಪ್ಪಿನಲ್ಲಿ ಎರಡು ತಾಸು ಬಂದ ಉಮರಬ್ಬ
ಮಾತಿನ ನಡುವೆ ನಿಂತರು, ಒಂದು ಪದಕ್ಕೆ ತಡಕಾಡುತ್ತ.
ಅದು ನನಗೆ ಗೊತ್ತಿದ್ದ ಪದ. ಹಲ್ಲಿನ ಹಿಂದೆಯೇ ಇತ್ತು.
ಎಲ್ಲರೂ ರೂಢಿಯಂತೆ ನನ್ನತ್ತ ನೋಡಿದರು.
ಕೆಳಗೆ ದರ್ಜಿಯ ಯಂತ್ರ ನಡೆಯಿತು, ನಿಂತಿತು, ನಡೆಯಿತು.
ಸಮೋಸದವರು ಸಮೋಸ ತಟ್ಟೆಗಿಟ್ಟರು.

ಅಂದಿನ ಪುಟದಲ್ಲಿ ಬರೆದದ್ದು ಇಷ್ಟು:
ಹಾಜರಿ ಒಂಬತ್ತು. ಉಮರಬ್ಬ ಮಾತಾಡಿದರು.
ಸೆಖೆಯಿದ್ದರೂ, ಸದ್ದಾಗುತ್ತದೆಂದು,
ಕಾರ್ಯದರ್ಶಿಗಳು ಎದ್ದು ಎ.ಸಿ. ಆರಿಸಿದರು.